ಕಚ್ಚಾ ಹೊಲಿಗೆಯ ಗುಲಾಬಿ

ಬಟ್ಟೆಯ ಅಂಚಿನಿಂದ ಒಂದೇ ಒಂದು ದಾರ ಜೋತುಬಿದ್ದಿದ್ದರೂ ಟೇಪಕ್ಕನಿಗೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಆ ಬಟ್ಟೆ ತನ್ನ ಕೈಯಲ್ಲಿ ಹೊಲಿದದ್ದೇ ಆಗಿರಬೇಕೆಂಬ ನಿಯಮವೂ ಇರಲಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನ ಅಪರಿಚಿತನ ಕಾಲರಿನಿಂದ ಎಳೆಯೊಂದು ಇಣುಕಿದರೂ ಅವಳ ಕೈ ತಾನಾಗಿಯೇ ಚೀಲದೊಳಗಿನ ಪುಟ್ಟ ಕತ್ತರಿಯನ್ನು ಹುಡುಕುತ್ತಿತ್ತು. ಒಮ್ಮೆ ಹಾಗೆ ಕತ್ತರಿಸಿಯೂಬಿಟ್ಟಿದ್ದಳು. ಆ ಮನುಷ್ಯ ಕುತ್ತಿಗೆ ಸವರಿಕೊಂಡು ಹಿಂದಿರುಗಿ ನೋಡುವಷ್ಟರಲ್ಲಿ ಅವಳು ಏನೂ ಅರಿಯದವಳಂತೆ ಕಿಟಕಿಯ ಹೊರಗಿನ ಲೋಕವನ್ನು ಗಂಭೀರವಾಗಿ ನೋಡುತ್ತಿದ್ದಳು. ಅಳತೆಯ ಟೇಪು ಮಲಗುವಾಗ ಮಾತ್ರ ಅವಳ ಕೊರಳಿನಿಂದ ಇಳಿಯುತ್ತಿದ್ದುದರಿಂದ ಬೀದಿಯವರು ಆ ಹೆಸರಿಟ್ಟಿದ್ದರು. ಹೆಸರು ಹಿಡಿಸಿತೋ ಇಲ್ಲವೋ ಅವಳು ಯಾರಿಗೂ ಹೇಳಲಿಲ್ಲ. ಆದರೆ ಅಂಗಡಿಯ ಫಲಕಕ್ಕೆ ಬಣ್ಣ ಬಳಿಸುವಾಗ ಅದನ್ನೇ ಬರೆಸಿದಳು.

ಅಂಗಡಿಯೆಂದರೆ ಮನೆಯ ಹಿಂಬದಿಯ ಕೋಣೆ. ಗೇಟಿನಿಂದ ಒಳಬಂದರೆ ಮನೆಯ ಉದ್ದನೆಯ ಗೋಡೆಯ ಪಕ್ಕದಲ್ಲಿಯೇ ಒಂದು ಕಾಲುದಾರಿ. ಮೊದಲು ಸಿಗುವುದು ಮನೆಯ ಬಾಗಿಲು. ಅದನ್ನು ದಾಟಿ ಇನ್ನಷ್ಟು ನಡೆದರೆ ಅಂಗಡಿಯ ಬಾಗಿಲು. ಒಳಗೆ ಎರಡು ಹೊಲಿಗೆ ಯಂತ್ರ, ಕತ್ತರಿಸುವ ದೊಡ್ಡ ಮೇಜು, ಗಿರಾಕಿಗಳಿಗೊಂದು ಬೆಂಚು. ಶಾಲಾಮಕ್ಕಳ ಸಮವಸ್ತ್ರ, ಆಸ್ಪತ್ರೆಯವರ ಬಿಳಿ ಕೋಟು, ಯಾರದೋ ಹೊಸ ಮನೆಯ ಪರದೆ, ಎಲ್ಲವೂ ಅಲ್ಲಿಂದಲೇ ಹೊರಡುತ್ತಿದ್ದವು. ಕಾಜಾ ಮತ್ತು ಗುಂಡಿಯ ಕೆಲಸಕ್ಕೆ ಬರುತ್ತಿದ್ದ ಹೆಂಗಸನ್ನು ಎಲ್ಲರೂ ಗುಂಡಿಯಕ್ಕ ಎನ್ನುತ್ತಿದ್ದರು. ಸೂಜಿ ಬಾಯಲ್ಲಿ ಕಚ್ಚಿಕೊಂಡಿದ್ದಾಗಲೂ ನಿಲ್ಲದ ನಾಲಿಗೆ ಅವಳದು.

ಗೇಟಿನ ಪಕ್ಕದಲ್ಲಿ, ಆ ಗೋಡೆಯ ಮೂಲೆಯಲ್ಲಿ, ಒಂದು ಹಬ್ಬುವ ಗುಲಾಬಿ ಇತ್ತು. ಇತ್ತು ಎನ್ನಬಹುದು ಅಷ್ಟೆ.

ಅದರ ತಾಯಿಗಿಡ ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ, ನಾದಿನಿಯ ಮನೆಬಾಗಿಲಲ್ಲಿ. ಮಗಳ ಜೊತೆಯಲ್ಲಿಯೇ ಇದ್ದ ಅತ್ತೆಯವರು ತಮ್ಮ ಕೈಯಾರೆ ನೆಟ್ಟು ಬೆಳೆಸಿದ ಗಿಡ. ರಕ್ತದಂಥ ಕೆಂಪು, ಹಿಡಿ ತುಂಬುವ ಹೂವು. ವರ್ಷಕ್ಕೊಮ್ಮೆ ಮೈತುಂಬ, ಆಮೇಲೆ ಆಗಾಗ ಒಂದೊಂದು ಗೊಂಚಲು. ಬೆಳಗಿನ ಹೊತ್ತು ಅದರ ಪರಿಮಳ ಬೀದಿಯ ತಿರುವಿನವರೆಗೂ ಬಂದು ನಿಲ್ಲುತ್ತಿತ್ತು. ಬಸ್ ಡ್ರೈವರನಾದ ಟೇಪಕ್ಕನ ಗಂಡ ಅದರದೊಂದು ಕಡ್ಡಿಯನ್ನು ಹಳೆಯ ಎಣ್ಣೆಡಬ್ಬಿಯಲ್ಲಿ ಬೇರು ಬರಿಸಿ ತಂದಿದ್ದ. ಗಿಡವೇನೋ ಚೆನ್ನಾಗಿಯೇ ಹತ್ತಿತು. ತಿಂಗಳೊಪ್ಪತ್ತಿನಲ್ಲಿ ಚಿಗುರುಗಳು ಅತ್ತ ಒಂದು ಇತ್ತ ಒಂದು ತಲೆಹಾಕಿದವು. ಟೇಪಕ್ಕನ ಕಣ್ಣಿಗೆ ಅವು ಕಂಡದ್ದು ಅಂಚಿನಿಂದ ಜೋತುಬಿದ್ದ ದಾರಗಳಾಗಿಯೇ. ರಜೆಯ ದಿನ ಬಂತೆಂದರೆ ಹಳೆಯ ಕತ್ತರಿ ಹಿಡಿದು ಹೊರಬರುತ್ತಿದ್ದಳು. ಗೆರೆ ಮೀರಿದ್ದನ್ನೆಲ್ಲ ಕಚಕಚನೆ ಕತ್ತರಿಸಿ, ಎರಡು ಹೆಜ್ಜೆ ಹಿಂದೆ ನಿಂತು, ತಲೆ ವಾಲಿಸಿ ನೋಡಿ, ಉಳಿದ ಒಂದಿಷ್ಟನ್ನೂ ಸಮ ಮಾಡುತ್ತಿದ್ದಳು. ಹೀಗೆ ಕೆಲವು ವರ್ಷಗಳೇ ಕಳೆದವು. ಗಿಡ ಗೋಡೆಗೆ ಇಸ್ತ್ರಿ ಮಾಡಿ ಅಂಟಿಸಿದ ತೇಪೆಯಂತೆ ಅಚ್ಚುಕಟ್ಟಾಗಿ ನಿಂತಿತ್ತು. ಹೂವು ಮಾತ್ರ ಒಂದೂ ಇಲ್ಲ.

ಚಹಾದ ಗಸಿ ಹಾಕಿದಳು, ಈರುಳ್ಳಿ ಸಿಪ್ಪೆ ಹಾಕಿದಳು, ಕೊಟ್ಟಿಗೆ ಗೊಬ್ಬರ ತರಿಸಿದಳು. ಯಾರನ್ನಾದರೂ ಕೇಳಬಹುದಿತ್ತು. ಆದರೆ ಟೇಪಕ್ಕ ಕೇಳುವ ಜಾತಿಯ ಹೆಂಗಸಲ್ಲ. ಅದರಲ್ಲೂ ನಾದಿನಿಯನ್ನು ಕೇಳುವುದೆಂದರೆ ತಲೆ ತಗ್ಗಿಸಿದಂತೆಯೇ. ಆಸ್ಪತ್ರೆಯಲ್ಲಿ ನರ್ಸಾಗಿದ್ದ ನಾದಿನಿಗೆ ಸೂಜಿ ಚುಚ್ಚುವುದು ವಾರ್ಡಿನೊಳಗೆ ಮಾತ್ರ ಎಂಬ ನಿಯಮವಿರಲಿಲ್ಲ. ಬಂದಾಗಲೆಲ್ಲ ಗಿಡದ ಮುಂದೆ ನಿಂತು, "ಅತ್ತಿಗೆ, ಇದು ಗುಲಾಬಿ ಅಲ್ಲ, ಸ್ಕೂಲಿಗೆ ಹೊರಟ ಹುಡುಗನ ತಲೆ" ಎಂದು ಹೇಳಿಯೇ ಒಳಗೆ ಬರುತ್ತಿದ್ದಳು.

ಆ ವರ್ಷ ನಾದಿನಿ ಒಂದು ಸುದ್ದಿ ಹೇಳಿದಳು. ಮುಂದಿನ ವರ್ಷ ಅವಳಿಗೆ ಬೇರೆ ಊರಿಗೆ ವರ್ಗ ಖಂಡಿತ. ಅಲ್ಲಿ ಕೊಡುವ ಮನೆ ಮೇಲಿನ ಮಹಡಿಯಲ್ಲಿ. ಅತ್ತೆಯವರು ಮಗಳ ಜೊತೆ ಹೋಗುವುದೋ, ಮಗನ ಮನೆಗೆ ಬರುವುದೋ ಎಂಬುದು ತೀರ್ಮಾನವಾಗಬೇಕಿತ್ತು.

ಟೇಪಕ್ಕನ ಮನಸ್ಸಿನಲ್ಲಿ ಅದು ಆಗಲೇ ತೀರ್ಮಾನವಾಗಿತ್ತು. ಅವಳು ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆಯವರಿಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ದಿನವಿಡೀ ಊರಿನ ಮಾತನ್ನೆಲ್ಲ ಕಿವಿಯಲ್ಲಿ ಹೊತ್ತು ಬಂದವರು, ಮನೆಯಲ್ಲಿ ಮೂಲೆ ಹಿಡಿದು ಕೂರುತ್ತಿದ್ದ ಸೊಸೆಯನ್ನು ಸಂಜೆಯ ಹೊಲಿಗೆ ತರಗತಿಗೆ ಅಟ್ಟಿದರು. ಮನೆಯ ಹಿರಿಯರು ಗೊಣಗಿದಾಗ, ಅವಳು ಕಲಿತು ಬರಲಿ, ಒಲೆ ನಾನು ನೋಡಿಕೊಳ್ಳುತ್ತೇನೆ ಎಂದು ಎಲ್ಲರ ಬಾಯಿ ಮುಚ್ಚಿಸಿದರು. ಸೊಸೆ ಮರಳುವಷ್ಟರಲ್ಲಿ ತಟ್ಟೆ ಮುಚ್ಚಿಟ್ಟಿರುತ್ತಿದ್ದರು. ಈ ಸಂಗತಿಯನ್ನು ಇಬ್ಬರೂ ಮತ್ತೆ ಬಾಯಿಬಿಟ್ಟು ಆಡಿದ್ದಿಲ್ಲ; ಅಂಥ ಮಾತು ಆಡುವ ಅಭ್ಯಾಸ ಇಬ್ಬರಿಗೂ ಇರಲಿಲ್ಲ. ಆದರೆ ಈಗ ಅತ್ತೆಯವರ ಕಣ್ಣು ಪೂರ್ತಿ ಮಂಜಾಗಿರುವಾಗ ಅವರು ಬೇರೆ ಊರಿನ ಮಹಡಿಯ ಮೇಲೆ ಕೂರುವುದು ಟೇಪಕ್ಕನಿಗೆ ಸರಿಬರಲಿಲ್ಲ. ಅದನ್ನು ಅವಳು ಆಡಿ ತೋರಿಸಿದ್ದು ಒಂದು ಅಪ್ಪಣೆಯಂತೆ: "ಅತ್ತೆ, ನೀವು ನಮ್ಮನೆಗೇ ಬರಬೇಕು."

ಅತ್ತೆಯವರು ತಮ್ಮ ಗುಲಾಬಿಯ ಕೆಳಗಿನ ಕುರ್ಚಿಯಲ್ಲಿ ಕುಳಿತು ನಕ್ಕರು.

"ನಿನ್ನ ಮನೇಲಿ ನಾನೇನು ಮಾಡ್ಲಮ್ಮಾ? ಇಲ್ಲಿ ಬಾಗಿಲು ಎಲ್ಲಿದೆ ಅಂತ ಮೂಗು ಹೇಳುತ್ತೆ. ಮಗಳು ಯಾವ ರೂಮಲ್ಲಿದಾಳೆ ಅಂತ ಅವಳ ಕೆಮ್ಮು ಹೇಳುತ್ತೆ. ನಿನ್ನ ಮನೇಲಿ ಎತ್ತ ತಿರುಗಿದ್ರೂ ಗೋಡೆ. ಬೇರೆಯವರ ದಾರಿಗೆ ಅಡ್ಡ ಆಗದ ಹಾಗೆ ಒಂದು ಮೂಲೇಲಿ ಕೂತಿರ್ಬೇಕು." ಅಷ್ಟು ಹೇಳಿ ಮಾತನ್ನು ತಮಾಷೆಗೆ ತಿರುಗಿಸಿದರು. "ಆಗ್ಲಿ, ನಿನ್ನ ಗಿಡ ಹೂ ಬಿಟ್ಟ ದಿನ ಹೇಳಿ ಕಳ್ಸು. ಗಂಟು ಕಟ್ಕೊಂಡು ಬರ್ತೀನಿ."

ನಾದಿನಿ ಬಿದ್ದು ಬಿದ್ದು ನಕ್ಕಳು. ಡ್ರೈವರನೂ ನಕ್ಕ. ಇದು ಬರುವುದಿಲ್ಲ ಎನ್ನುವುದಕ್ಕೆ ಇನ್ನೊಂದು ಹೆಸರೆಂದು ಟೇಪಕ್ಕನಿಗೂ ಅರ್ಥವಾಯಿತು. ಆದರೆ ಹೇಳಿದ ದಿನಕ್ಕೆ ಬಟ್ಟೆ ಕೊಡುವವಳು ಅವಳು; ಮಾತನ್ನು ತಮಾಷೆಗೆ ಹೇಳಿದ್ದೋ ನಿಜಕ್ಕೆ ಹೇಳಿದ್ದೋ ಎಂದು ಅಳೆಯುತ್ತ ಕೂರುತ್ತಿರಲಿಲ್ಲ. "ಮಾತು ಕೊಟ್ಟಿದೀರಿ" ಎಂದಷ್ಟೇ ಹೇಳಿ ಎದ್ದಳು.

ಕೆಲವು ವಾರಗಳ ಮೇಲೆ ಡ್ರೈವರ್ ತನ್ನ ರಜೆಯ ದಿನ ತಾಯಿಯನ್ನು ಊಟಕ್ಕೆ ಕರೆತಂದ. ಅತ್ತೆಯವರು ಗೇಟಿನೊಳಗೆ ಕಾಲಿಟ್ಟವರೇ, ನನ್ನನ್ನು ಅಡ್ಡಗಟ್ಟಿರುವ ಆ ಮಹಾರಾಣಿಯನ್ನು ಮೊದಲು ತೋರಿಸು ಎಂದರು. ಗೋಡೆಯ ಬುಡದಲ್ಲಿ ಬಗ್ಗಿ, ಒಂದು ಕಾಲದಲ್ಲಿ ನೂರಾರು ತಂತಿಗಳ ನಡುವೆ ಸರಿಯಾದ ರಂಧ್ರವನ್ನು ಕಂಡುಹಿಡಿಯುತ್ತಿದ್ದ ಬೆರಳುಗಳಿಂದ, ಮುಳ್ಳುಗಳ ನಡುವೆ ದಾರಿ ಮಾಡಿಕೊಂಡು ಕೊಂಬೆಯೊಂದನ್ನು ಮೇಲಕ್ಕೆ ಸವರುತ್ತ ಹೋದರು. ಮೊಳದುದ್ದ ಹೋಗುವಷ್ಟರಲ್ಲಿ ಕೊಂಬೆ ಮುಗಿಯಿತು. ಪಕ್ಕದ್ದನ್ನು ಹಿಡಿದರು, ಅದೂ ಅಲ್ಲಿಯೇ ಮುಗಿಯಿತು. ಅಂಗೈಯನ್ನು ಎಲ್ಲ ತುದಿಗಳ ಮೇಲೆ ಆಡಿಸಿದರು. ಬ್ರಷ್ಷಿನ ಮೇಲೆ ಕೈಯಾಡಿಸಿದಂತಿತ್ತು.

"ಇದರ ತಲೆ ಯಾರು ಬೋಳಿಸಿದ್ದು?"

"ನಾನೇ. ಒಪ್ಪವಾಗಿರ್ಲಿ ಅಂತ."

"ಯಾವಾಗ್ಯಾವಾಗ?"

"ವಾರ ವಾರ."

ಅತ್ತೆಯವರ ಭುಜಗಳು ಅಲುಗತೊಡಗಿದವು. ನಗು ತಡೆಯಲಾರದೆ ಮಗನ ತೋಳು ಹಿಡಿದು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಕಣ್ಣೀರು ಒರೆಸಿಕೊಂಡು, "ಹೂ ಬಿಡೋ ಕೈಯನ್ನೇ ಕತ್ತರಿಸ್ತಾ ಇದೀಯಲ್ಲಮ್ಮಾ" ಎಂದರು. "ಇದು ಕುಂಡದಲ್ಲಿರೋ ಗುಲಾಬಿ ಅಲ್ಲ. ಈ ವರ್ಷ ಉದ್ದ ಬೆಳೆದ ಕೊಂಬೆ ಮುಂದಿನ ವರ್ಷ ಹೂ ಕೊಡುತ್ತೆ. ನೀನು ಆ ಪಾಪದ್ದಕ್ಕೆ ಒಂದು ವಾರಕ್ಕಿಂತ ಹೆಚ್ಚು ವಯಸ್ಸಾಗೋಕೆ ಬಿಟ್ಟಿದೀಯಾ?"

ಟೇಪಕ್ಕನ ಮುಖ ಕಾದ ಇಸ್ತ್ರಿಪೆಟ್ಟಿಗೆಯಾಯಿತು. "ಮೊದ್ಲೇ ಯಾಕೆ ಹೇಳ್ಲಿಲ್ಲ ನೀವು?"

"ನೀನು ಕೇಳಿದ್ಯಾ?"

ಊಟಕ್ಕೆ ಬಡಿಸುವಾಗ ಟೇಪಕ್ಕ ಅತ್ತೆಯವರ ತಟ್ಟೆಗೆ ಬೇಡವೆಂದರೂ ಎರಡು ಸಲ ಹೆಚ್ಚಿಗೆ ಹಾಕಿದಳು.

ಅಂದಿನಿಂದ ಗಿಡದ ಕತ್ತರಿ ಗುಂಡಿಯಕ್ಕನ ವಶಕ್ಕೆ ಹೋಯಿತು. ನಾನು ಕೇಳಿದರೂ ಕೊಡಬೇಡ, ಬೈದರೂ ಕೊಡಬೇಡ ಎಂದು ಟೇಪಕ್ಕ ಕಟ್ಟಪ್ಪಣೆ ಮಾಡಿದಳು. ಬಿಸಿಲುಕಾಲ ಕಳೆದು ಮಳೆ ಬಿದ್ದದ್ದೇ ತಡ, ಗಿಡ ವರ್ಷಗಳ ಸೇಡು ತೀರಿಸಿಕೊಳ್ಳುವಂತೆ ಬೆಳೆಯಿತು. ಬುಡದಿಂದ ಹೊರಟ ಕೆಂಪು ಚಿಗುರುಗಳು ಆಳುದ್ದ ಬೆಳೆದು, ಎತ್ತ ಹೋಗಬೇಕೆಂದು ತಿಳಿಯದೆ ಗಾಳಿಯಲ್ಲಿ ತೂಗಾಡಿದವು. ಒಂದು ಗೇಟಿನ ಮೇಲೆ ಚಾಚಿಕೊಂಡಿತು. ಇನ್ನೊಂದು ಕಾಲುದಾರಿಗೆ ಅಡ್ಡ ನಿಂತು ಬಂದವರ ತೋಳು ಹಿಡಿದೆಳೆಯಿತು. ಡ್ರೈವರ್ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಟೋಪಿ ಮುಳ್ಳಿನಲ್ಲಿ ಉಳಿದು ತಲೆ ಮಾತ್ರ ಮುಂದೆ ಹೋಗುತ್ತಿತ್ತು. ಇಷ್ಟು ಬಿಗಿಯಾಗಿ ಹಿಡಿದುಕೊಳ್ಳುವವರು ತನ್ನ ಬಸ್ಸಿನಲ್ಲಿಯೂ ಇಲ್ಲವೆಂದು ಅವನು ಗೊಣಗಿದರೂ, ಒಮ್ಮೆಯೂ ಕತ್ತರಿಸು ಎನ್ನಲಿಲ್ಲ.

ಕಷ್ಟವಾದದ್ದು ಟೇಪಕ್ಕನಿಗೆ. ಕೊಡಬೇಕಾದ ಬಟ್ಟೆಯನ್ನು ಹಿಡಿದು ಬಾಗಿಲಿಗೆ ಬಂದಾಗಲೆಲ್ಲ ಆ ಜೋಲಾಟ ಕಣ್ಣಿಗೆ ಬಿದ್ದು ಅವಳ ಬೆರಳುಗಳು ತಾವಾಗಿಯೇ ಕತ್ತರಿಯಾಡುತ್ತಿದ್ದವು. ಅಂಥ ಹೊತ್ತಿನಲ್ಲಿ ಗುಂಡಿಯಕ್ಕ ಚಿಂದಿ ಬಟ್ಟೆಯ ತುಂಡೊಂದನ್ನು ಮೇಜಿನ ಮೇಲೆ ಎಸೆದು, "ತಗೊಳ್ಳಿ ಟೇಪಕ್ಕ, ಇದನ್ನ ಕತ್ತರಿಸಿ ಸಮಾಧಾನ ಮಾಡ್ಕೊಳ್ಳಿ" ಎನ್ನುತ್ತಿದ್ದಳು. ಟೇಪಕ್ಕ ಹುಬ್ಬು ಗಂಟಿಕ್ಕಿ ನೋಡುತ್ತಿದ್ದಳು. ಆಮೇಲೆ ನಿಜವಾಗಿಯೂ ಕತ್ತರಿಸುತ್ತಿದ್ದಳು. ಆ ಮಳೆಗಾಲದಲ್ಲಿ ಅಂಗಡಿಯಲ್ಲಿ ಸಂಗ್ರಹವಾದಷ್ಟು ಅಚ್ಚುಕಟ್ಟಾದ ಬಟ್ಟೆಪಟ್ಟಿಗಳು ಇನ್ನೆಲ್ಲಿಯೂ ಇದ್ದಿರಲಾರವು.

ಮಳೆ ನಿಂತ ಮೇಲೆ ಅವಳು ಗೋಡೆಗೆ ಮೊಳೆ ಹೊಡೆಸಿ ತಂತಿ ಕಟ್ಟಿಸಿ, ಕೊಂಬೆಗಳನ್ನೆಲ್ಲ ನೆಟ್ಟಗೆ ಮೇಲಕ್ಕೆ ಎತ್ತಿ ಕಟ್ಟಿದಳು. ಹೊಲಿದ ಉಡುಪನ್ನು ಭುಜದಿಂದ ತೂಗುಹಾಕುವುದೇ ಅವಳಿಗೆ ಗೊತ್ತಿದ್ದ ಕ್ರಮ. ನೋಡಲು ಚೆನ್ನಾಗಿಯೂ ಇತ್ತು. ಆದರೆ ಚಿಗುರೆಲ್ಲ ತುದಿಯಲ್ಲಿ ಮಾತ್ರ. ಬುಡದಿಂದ ನಡುವಿನವರೆಗೆ ಬರೀ ಕಡ್ಡಿ. ಇದು ಹೂ ಬಿಟ್ಟರೂ ಸೂರಿನ ಮೇಲಿನ ಕಾಗೆಗಳಿಗೇ ಪರಿಮಳ ಎಂದು ನಾದಿನಿ ಹೇಳಿಹೋದಳು. ಅತ್ತೆಯವರ ಗಿಡವೂ ಹಾಗೆಯೇ ತುದಿಯಲ್ಲಿ ಬಿಡುವಂಥದ್ದು. ಆ ಮನೆಯ ಸೂರು ತಗ್ಗಾದುದರಿಂದ ಅಲ್ಲಿ ನಡೆದಿತ್ತು.

ಅಷ್ಟರಲ್ಲಿ ಜೋರಾಗಿ ಗಾಳಿ ಬೀಸಿದ ದಿನ ಒಂದು ಕೊಂಬೆಯ ಕಟ್ಟು ಬಿಚ್ಚಿ, ಅದು ವಾಲಿ ಕೆಳಗಿನ ತಂತಿಯ ಮೇಲೆ ಅಡ್ಡಡ್ಡಲಾಗಿ ಮಲಗಿತು. ಅದು ಶಾಲಾ ವಾರ್ಷಿಕೋತ್ಸವದ ಉಡುಪುಗಳ ಕಾಲ. ಟೇಪಕ್ಕನಿಗೆ ತಲೆಯೆತ್ತಲೂ ಪುರಸೊತ್ತಿಲ್ಲ. ಕೊನೆಯ ಕಟ್ಟು ಶಾಲೆಗೆ ಹೋದ ಮೇಲೆ, ಕಣ್ಣುಜ್ಜಿಕೊಂಡು ಹೊರಬಂದು ಅದನ್ನು ಎತ್ತಿ ಕಟ್ಟಲು ಕೈಚಾಚಿದವಳು ಹಾಗೆಯೇ ನಿಂತಳು. ಮಲಗಿದ ಕೊಂಬೆಯ ಉದ್ದಕ್ಕೂ, ಷರ್ಟಿನ ಮುಂಪಟ್ಟಿಯಲ್ಲಿ ಗುಂಡಿಗಳಿದ್ದಂತೆ, ಗಿಣ್ಣುಗಿಣ್ಣಿಗೂ ಒಂದೊಂದು ಪುಟ್ಟ ಚಿಗುರು ಮೂಡಿತ್ತು. ನೆಟ್ಟಗೆ ನಿಂತ ಕೊಂಬೆಗಳಲ್ಲಿ ಅಂಥದು ಒಂದೂ ಇಲ್ಲ.

ಯಾರೂ ಹೇಳಿಕೊಡದೆಯೇ ಅವಳಿಗೆ ಅರ್ಥವಾಯಿತು. ಆ ಸಂತೋಷ ಅವಳ ಮುಖದಲ್ಲಿ ಕಾಣಲಿಲ್ಲ. ಆದರೆ ಮರುದಿನ ಅಂಗಡಿ ತೆರೆಯಲಿಲ್ಲ ಎಂಬುದರಿಂದಲೇ ಅದರ ಪ್ರಮಾಣವನ್ನು ಊಹಿಸಬಹುದು. ಕಟ್ಟಿದ್ದನ್ನೆಲ್ಲ ಬಿಚ್ಚಿದಳು. ಮೊದಲ ಕೊಂಬೆಯನ್ನು ಅವಸರದಲ್ಲಿ ಬಗ್ಗಿಸಿದ್ದಕ್ಕೆ ಅದು ಲಟ್ಟೆಂದು ಮುರಿಯಿತು. ಮುರಿದದ್ದನ್ನು ಕೈಯಲ್ಲಿ ಹಿಡಿದು ಒಂದು ಗಳಿಗೆ ಕುಳಿತಳು. ಹೊಸ ಬಟ್ಟೆಯನ್ನು ಮೈಗೆ ಕೂರಿಸುವಾಗ ಎಳೆಯಬಾರದು, ಒಲಿಸಬೇಕು ಎಂದು ಗುಂಡಿಯಕ್ಕನಿಗೆ ಎಷ್ಟು ಸಲ ಗದರಿದ್ದಳೋ. ಉಳಿದವನ್ನು ದಿನಕ್ಕೆ ಒಂದಿಷ್ಟೇ ಇಳಿಸುತ್ತ ಬಂದಳು. ಬಿಗಿಯಾಗಿ ಕಟ್ಟಲಿಲ್ಲ, ಪಕ್ಕಾ ಹೊಲಿಗೆಗೆ ಮುಂಚೆ ಬಟ್ಟೆಯನ್ನು ಸಡಿಲವಾಗಿ ಹಿಡಿದಿಡುವ ಕಚ್ಚಾ ಹೊಲಿಗೆಯಂತೆ, ಬಟ್ಟೆಯ ಪಟ್ಟಿಗಳಿಂದ ದೂರ ದೂರಕ್ಕೆ ಒಂದೊಂದು ಕುಣಿಕೆ. ಕೊಂಬೆ ದಪ್ಪವಾದರೆ ಉಸಿರಾಡಲು ಜಾಗ. ಗೇಟಿನಿಂದ ಹೊರಟ ಕೊಂಬೆಗಳು ಗೋಡೆಯ ಮೇಲೆ, ಕುಳಿತವರ ಮುಖದ ಎತ್ತರದಿಂದ ನಿಂತವರ ತಲೆಯ ಎತ್ತರದವರೆಗೆ, ಸಾಲುಸಾಲಾಗಿ ಮಲಗಿದವು. ಎಲ್ಲಕ್ಕಿಂತ ಉದ್ದನೆಯದನ್ನು ಮನೆಬಾಗಿಲ ಮೇಲಿಂದ ದಾಟಿಸಿ, ಆಚೆಗಿಳಿಸಿ, ಅಂಗಡಿಯ ಕಡೆಗೂ ಹರಿಯಬಿಟ್ಟಳು. ವ್ಯರ್ಥ ಮಾಡಲು ಮನಸ್ಸಾಗಲಿಲ್ಲ, ಅಷ್ಟೆ.

ಚಳಿ ಮುಗಿಯುವ ಹೊತ್ತಿಗೆ ನಾದಿನಿಯ ವರ್ಗದ ಆದೇಶ ಬಂದೇಬಿಟ್ಟಿತು. ಅದೇ ವಾರ ಗಿಡದ ತುಂಬ ಮೊಗ್ಗು ಕಾಣಿಸಿತು. ಬಟಾಣಿಗಿಂತ ದೊಡ್ಡದಿಲ್ಲ, ಎಲ್ಲವೂ ಹಸಿರು ಮುಷ್ಟಿ ಬಿಗಿಹಿಡಿದವು. ಅತ್ತೆಯವರ ಬಟ್ಟೆಬರೆಯನ್ನೂ ಪೆಟ್ಟಿಗೆಗೆ ತುಂಬುತ್ತಿದ್ದಾರೆಂದೂ, ಲಾರಿಗೆ ಹೇಳಿಯಾಗಿದೆಯೆಂದೂ ಡ್ರೈವರ್ ಬಂದು ತಿಳಿಸಿದ. ಟೇಪಕ್ಕ ಮೊದಲ ಸಲ ತಾನಾಗಿ ಅಲ್ಲಿಗೆ ಫೋನು ಮಾಡಿದಳು.

"ಅತ್ತೆ, ಮೊಗ್ಗು ಬಂದಿದೆ."

"ಸಂತೋಷ. ಹೂ ಅಂತ ಅಲ್ವಾ ನಾನು ಹೇಳಿದ್ದು?"

"ಲಾರಿ ಹೊರಡೋ ತನಕ ಟೈಮಿದೆ."

"ಗಿಡಕ್ಕೆ ಅದು ಗೊತ್ತಾ?" ಎಂದರು ಅತ್ತೆಯವರು. ಆದರೆ ಫೋನು ಇಡಲಿಲ್ಲ. ಸಣ್ಣ ದನಿಯಲ್ಲಿ, ಸಂಜೆ ನೀರು ಹಾಕಬೇಡ, ಬೆಳಿಗ್ಗೆ ಬುಡಕ್ಕೆ ಮಾತ್ರ ಹಾಕು ಎಂದರು. ಆಮೇಲೆ ಎಲೆಯ ಹಿಂಬದಿಗೆ ಹೇನು ಬಿದ್ದಿದೆಯೇ ನೋಡು ಎಂದರು. ಬಿದ್ದಿದ್ದರೆ ಸೋಪಿನ ನೀರು ಎಂದರು. ಬರಲೊಲ್ಲದವರು ಇಷ್ಟೆಲ್ಲ ಏಕೆ ಹೇಳುತ್ತಾರೆಂದು ಟೇಪಕ್ಕ ಫೋನಿಟ್ಟ ಮೇಲೂ ಬಹಳ ಹೊತ್ತು ಅಲ್ಲಿಯೇ ನಿಂತು ಯೋಚಿಸಿದಳು. ಇತ್ತ ನಾದಿನಿ ಲಾರಿಯವನಿಗೆ ಯಾವುದೋ ನೆಪ ಹೇಳಿ ದಿನ ಮುಂದೂಡಿದಳೆಂಬ ಸುದ್ದಿಯೂ ಬಂತು. ಬಾಯಿ ಸೂಜಿಯಾದರೇನು, ಅತ್ತಿಗೆಯ ಹಟ ಗೆಲ್ಲಲೆಂಬ ಆಸೆ ಅವಳಿಗೂ ಇತ್ತು.

ಟೇಪಕ್ಕ ಬೆಳಗಾಗೆದ್ದು ಎಲೆಗಳ ಹಿಂಬದಿಯನ್ನೆಲ್ಲ ನೋಡಿದಳು. ಮೊಗ್ಗುಗಳು ದಿನದಿನಕ್ಕೆ ಉಬ್ಬಿ, ಬಿರುಕಿನಲ್ಲಿ ಕೆಂಪು ಗೆರೆ ತೋರಿಸಿ, ಮತ್ತೆ ಮೋಡ ಕವಿದ ದಿನಗಳಲ್ಲಿ ಅಲ್ಲಿಗೇ ನಿಂತವು. ಆಮೇಲೆ ಒಂದು ಬೆಳಿಗ್ಗೆ, ಅವಳು ಬಾಗಿಲು ತೆರೆಯುವ ಮುಂಚೆಯೇ, ಅಗಳಿಯ ಮೇಲೆ ಕೈಯಿಟ್ಟಾಗಲೇ, ಗೊತ್ತಾಯಿತು. ಪರಿಮಳ ಬಾಗಿಲ ಸಂದಿಯಿಂದ ಒಳಗೆ ಬಂದಿತ್ತು.

ಹೊರಗೆ ಗೋಡೆ ಕಾಣಿಸುತ್ತಲೇ ಇರಲಿಲ್ಲ. ಗೇಟಿನಿಂದ ಅಂಗಡಿಯವರೆಗೆ ಗಾಢ ಕೆಂಪು. ಅಂಚಿನಿಂದ ಭುಜದವರೆಗೆ ಒಂದೇ ಸಮನೆ. ಅತ್ತೆಯವರ ಗಿಡವೂ ಹೀಗೆ ಬಿಟ್ಟದ್ದನ್ನು ಅವಳು ನೋಡಿರಲಿಲ್ಲ. ಡ್ರೈವರ್ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಬಂದು ನೋಡಿದ. ಒಂದು ಹೂ ಕಿತ್ತು ಅಮ್ಮನಿಗೆ ತೋರಿಸಲು ಒಯ್ಯಲೇ ಎಂದು ಕೇಳಿದ.

"ಹೂ ಒಯ್ಯೋದು ಬೇಡ" ಎಂದಳು ಟೇಪಕ್ಕ. "ಅವರನ್ನ ಕರ್ಕೊಂಡು ಬನ್ನಿ."

ಅವಳು ಒಳಗಿನ ಕೋಣೆಯನ್ನು ಆಗಲೇ ಸಿದ್ಧಪಡಿಸಿದ್ದಳು. ಹೊಸ ಹಾಸಿಗೆಗವಸು, ಗದ್ದಲ ಕೇಳಿಸದಂತೆ ದಪ್ಪನೆಯ ಪರದೆ, ನೀರಿನ ಹೂಜಿ. ಅಲ್ಲಿ ಲಾರಿಗೆ ಸಾಮಾನು ಏರಿಸಿಯಾಗಿತ್ತು; ಅತ್ತೆಯವರು ಮಗಳ ಜೊತೆ ಆಟೋದಲ್ಲಿ ಬಂದಿಳಿದರು. ಕೈಯಲ್ಲಿ ಗಂಟಿರಲಿಲ್ಲ. ಪರೀಕ್ಷೆ ಮಾಡಲು ಬಂದ ಅಧಿಕಾರಿಯ ಗತ್ತು. ಗೇಟಿನ ಬಳಿ ಮಗ ತೋಳು ಹಿಡಿಯಲು ಬಂದಾಗ ಬಿಡು ಎಂದರು. ಸ್ವಲ್ಪ ಹೊತ್ತು ಮುಖವೆತ್ತಿ ನಿಂತರು. ಮೂಗಿನ ಹೊಳ್ಳೆಗಳು ಅರಳಿದವು. ಆಮೇಲೆ ಒಬ್ಬರೇ ನಡೆದರು.

ಒಂದು ಹೂವಿನಿಂದ ಇನ್ನೊಂದಕ್ಕೆ, ಮುಖವನ್ನು ಗೋಡೆಯ ಕಡೆಗೆ ಓರೆ ಮಾಡಿಕೊಂಡು, ಆತುರವಿಲ್ಲದೆ. ಮನೆಯ ಬಾಗಿಲು ಬಂತು. ಟೇಪಕ್ಕ ಹೊಸಿಲಲ್ಲಿ ಕಾದು ನಿಂತಿದ್ದಳು. ಆದರೆ ಹೂವಿನ ಸಾಲು ಬಾಗಿಲಲ್ಲಿ ನಿಂತಿರಲಿಲ್ಲವಲ್ಲ. ಅತ್ತೆಯವರು ಸೊಸೆಯ ಮುಂದೆಯೇ ಹಾದು, ಅವಳ ಇರವನ್ನೇ ಅರಿಯದೆ, ಮುಂದಕ್ಕೆ ಹೋಗಿಬಿಟ್ಟರು. ಡ್ರೈವರ್ ಕೂಗಲು ಬಾಯ್ತೆರೆದ. ಟೇಪಕ್ಕ ಅವನ ಮಣಿಕಟ್ಟು ಹಿಡಿದಳು. ಎಲ್ಲರೂ ಸದ್ದಿಲ್ಲದೆ ಹಿಂದೆ ನಡೆದರು.

ಅಂಗಡಿ ಆಗಲೇ ತೆರೆದಿತ್ತು. ಬೆಂಚಿನ ಮೇಲೆ ಫ್ರಾಕಿನ ಅಳತೆಗೆ ಬಂದ ತಾಯಿಮಗಳು, ಪಕ್ಕದಲ್ಲಿ ಕೋಟು ಸಡಿಲ ಮಾಡಿಸಲು ಬಂದವರೊಬ್ಬರು. ಗುಂಡಿಯಕ್ಕ ಯಾರದೋ ಸಂಬಂಧ ಮುರಿದ ಕಥೆಯನ್ನು ಅರ್ಧಕ್ಕೆ ತಂದಿದ್ದಳು. ಅತ್ತೆಯವರು ಬಾಗಿಲಲ್ಲಿ ನಿಂತು ಕಿವಿ ನಿಮಿರಿಸಿದರು. ಕೋಟಿನವರು ಎದ್ದು ಜಾಗ ಬಿಟ್ಟರು. ಅತ್ತೆಯವರು ಬೆಂಚನ್ನು ತಡವಿ, ಕುಳಿತು, ಮೇಜಿನ ಅಂಚಿನ ಮೇಲೆ ಮೊಣಕೈಯೂರಿದರು.

"ಆಮೇಲೆ?" ಎಂದರು ಗುಂಡಿಯಕ್ಕನಿಗೆ. "ಹುಡುಗನ ಕಡೆಯವರು ಏನಂದ್ರು?"

ಗುಂಡಿಯಕ್ಕ ಸೂಜಿಯನ್ನು ಬಾಯಿಂದ ತೆಗೆದು ಉತ್ಸಾಹದಿಂದ ಮುಂದುವರಿಸಿದಳು. ನಡುವೆ ಫ್ರಾಕಿನ ಹುಡುಗಿ ಅಜ್ಜಿಯ ಕೈಗೆ ಗುಂಡಿಯ ಡಬ್ಬಿ ಕೊಟ್ಟು ತನಗೆ ಎಲ್ಲಕ್ಕಿಂತ ದೊಡ್ಡದು ಬೇಕೆಂದಳು. ಅತ್ತೆಯವರು ಬೆರಳಾಡಿಸಿ ಒಂದನ್ನು ಆರಿಸಿ ಕೊಟ್ಟರು. ಕಿಟಕಿಯಿಂದ ಗುಲಾಬಿಯ ಗಾಳಿ ಬೀಸುತ್ತಿತ್ತು.

ಕಥೆ ಮುಗಿದ ಮೇಲೆ ಟೇಪಕ್ಕ ಹತ್ತಿರ ಬಂದು, ಅತ್ತೆ, ಇದು ಅಂಗಡಿ, ನಿಮ್ಮ ಕೋಣೆ ಒಳಗಿದೆ, ಅಲ್ಲಿ ಯಾರ ಗಲಾಟೆಯೂ ಇರುವುದಿಲ್ಲ ಎಂದಳು. ಅತ್ತೆಯವರು ಆ ದನಿಯ ಕಡೆಗೆ ತಿರುಗಿದರು.

"ಅಲ್ಲಿ ರಾತ್ರಿ ಮಲಕ್ಕೋತೀನಿ. ಹಗಲು ಇಲ್ಲೇ."

ನಾದಿನಿಗೆ ಮಾತ್ರ ಸುಮ್ಮನಿರಲಾಗಲಿಲ್ಲ. "ಅಮ್ಮಾ, ಇನ್ನೊಂದಿಷ್ಟು ದಿನಕ್ಕೆ ಈ ಹೂವೆಲ್ಲ ಉದುರಿಹೋಗುತ್ತೆ. ಆಗೇನು ಮಾಡ್ತೀಯಾ?"

"ಅಷ್ಟರಲ್ಲಿ ದಾರಿ ಬಾಯಿಪಾಠ ಆಗಿರುತ್ತೆ" ಎಂದರು ಅತ್ತೆಯವರು. "ನೀನು ಹೋಗಿ ನನ್ನ ಪೆಟ್ಟಿಗೆ ಲಾರಿಯಿಂದ ಇಳಿಸು. ಮೇಲುಗಡೆನೇ ಇದೆ, ಕೊನೇಲಿ ಹಾಕು ಅಂತ ನಾನೇ ಹೇಳಿದ್ದೆ."

ಟೇಪಕ್ಕ ಫ್ರಾಕಿನ ಹುಡುಗಿಯನ್ನು ಹತ್ತಿರ ಕರೆದು, ಕೈಯೆತ್ತಿ ನಿಲ್ಲಿಸಿ ಅಳತೆ ತೆಗೆದುಕೊಂಡಳು. ತೆಗೆದ ಅಳತೆ ಮರೆತುಹೋಗಿ ಎರಡನೆಯ ಸಲ ತೆಗೆದಳು. ಅದೂ ಮರೆಯಿತು. ಮೂರನೆಯ ಸಲ ಹುಡುಗಿ ನಗತೊಡಗಿದಾಗ, ಅತ್ತೆಯವರು, ಆ ಮಗುವಿನ ಕೈ ಇಳಿಸಮ್ಮಾ, ನೋಯುತ್ತೆ ಎಂದರು. ಟೇಪಕ್ಕನೂ ನಕ್ಕುಬಿಟ್ಟಳು.